ಅಜ್ಜನ ಸಮ್ಮಾನ ಪಿಂಚಣಿ ಅತ್ತೆಯ ಹೆಸರಿಗೆ ಬಂದ ಬಗೆ

ಸ್ವಾತಂತ್ರ್ಯ ಹೋರಾಟಗಾರರಿಗೆ ಕೇಂದ್ರ ಸರಕಾರ ಕೊಡುವ ಸಮ್ಮಾನ ಪಿಂಚಣಿಯನ್ನು, ಹೋರಾಟಗಾರರೂ ಅವರ ಪತ್ನಿಯೂ ತೀರಿಕೊಂಡ ಬಳಿಕ, ಅವಿವಾಹಿತ ಮಗಳ ಹೆಸರಿಗೆ ಮಾಡಿಸಿಕೊಳ್ಳಬಹುದು ಎಂಬುದು ನಮ್ಮ ಕಡೆ ಹಲವರಿಗೆ ತಿಳಿದಿಲ್ಲ. ತಿಳಿದೂ ಕಚೇರಿಯಿಂದ ಕಚೇರಿಗೆ ಅಲೆದು ಅರ್ಧದಲ್ಲಿ ಕೈಬಿಟ್ಟ ಒಂದೆರಡು ಮನೆಯವರನ್ನು ನಾನೇ ಬಲ್ಲೆ. ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿರುವ ನಮ್ಮ ಮನೆಯಲ್ಲಿ ಈ ಕೆಲಸ ಕಳೆದ ತಿಂಗಳು ಮುಗಿಯಿತು. ನನ್ನ ತಂದೆಯ ಅಕ್ಕ, ನಾವು ದೊಡ್ಡತ್ತೆ ಎಂದು ಕರೆಯುವವರು, ಈಗ ಅಜ್ಜನ ಪಿಂಚಣಿಯ ಹಕ್ಕುದಾರರು. ಅರ್ಜಿ ಬರೆದದ್ದು, ಓಡಾಡಿದ್ದು, ಪ್ರತಿ ತೆಗೆಸಿದ್ದು ಬಹುಪಾಲು ನಾನೇ ಆದ್ದರಿಂದ, ಇದೇ ದಾರಿಯಲ್ಲಿ ಹೊರಟವರಿಗೆ ಉಪಯೋಗವಾಗಲೆಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಹೊರಡುವ ಮೊದಲು ನಿಯಮವನ್ನು ಅರಿತಿರುವುದು ಒಳ್ಳೆಯದು. ಅಂಡಮಾನಿನ ಸೆರೆಮನೆಯಲ್ಲಿದ್ದ ರಾಜಕೀಯ ಕೈದಿಗಳಿಗೆ 1969ರಲ್ಲಿ ಪಿಂಚಣಿ ಆರಂಭವಾಯಿತು. ಉಳಿದ ಹೋರಾಟಗಾರರಿಗೆ ಅದು ಬಂದದ್ದು ಸ್ವಾತಂತ್ರ್ಯದ ಬೆಳ್ಳಿಹಬ್ಬದ ದಿನವಾದ 1972ರ ಆಗಸ್ಟ್ 15ರಿಂದ. ಆಗ ವರ್ಷಕ್ಕೆ 5,000 ರೂಪಾಯಿಯ ಆದಾಯ ಮಿತಿಯಿತ್ತು. 1980ರ ಆಗಸ್ಟ್ 1ರಿಂದ ಆ ಮಿತಿಯನ್ನು ತೆಗೆದು ಯೋಜನೆಗೆ ಸಮ್ಮಾನದ ಹೆಸರನ್ನು ಇಟ್ಟರು. ಜೈಲುವಾಸದ ಆಧಾರದಲ್ಲಿ ಪಿಂಚಣಿ ಸಿಗಬೇಕಾದರೆ ಕನಿಷ್ಠ ಆರು ತಿಂಗಳು ಸೆರೆಯಲ್ಲಿದ್ದಿರಬೇಕು. ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಮೂರು ತಿಂಗಳು ಸಾಕು. ಹೋರಾಟಗಾರರ ನಂತರ ಪತಿ ಅಥವಾ ಪತ್ನಿಗೆ, ಅವರೂ ಇಲ್ಲವಾದರೆ ಅವಿವಾಹಿತರೂ ನಿರುದ್ಯೋಗಿಗಳೂ ಆದ ಹೆಣ್ಣುಮಕ್ಕಳಿಗೆ, ಒಂದು ಕಾಲಕ್ಕೆ ಹೆಚ್ಚೆಂದರೆ ಮೂವರಿಗೆ, ಪಿಂಚಣಿಯ ಅರ್ಹತೆಯಿದೆ, ಹೆತ್ತವರಿಗೂ ಇದೆ. ಗಂಡುಮಕ್ಕಳಿಗೆ ಇಲ್ಲ. 2016ರ ಆಗಸ್ಟ್ 15ರಿಂದ ಜಾರಿಗೆ ಬಂದ ಪರಿಷ್ಕರಣೆಯಂತೆ ಅಜ್ಜನಂತಹವರ ಮೂಲ ಪಿಂಚಣಿ ತಿಂಗಳಿಗೆ 26,000 ರೂಪಾಯಿ, ಪತ್ನಿಗೂ ಅಷ್ಟೇ, ಮಗಳಿಗೆ ಅದರ ಅರ್ಧ, ಅಂದರೆ 13,000. ಇದರ ಮೇಲೆ ಕೇಂದ್ರ ನೌಕರರ ಲೆಕ್ಕದಲ್ಲಿ ವರ್ಷಕ್ಕೆ ಎರಡು ಬಾರಿ ಏರುವ ತುಟ್ಟಿಪರಿಹಾರ ಸೇರುತ್ತದೆ.

ಅಜ್ಜಿ ತೊಂಬತ್ತು ದಾಟಿ ತೀರಿಕೊಂಡರು. ಉತ್ತರಕ್ರಿಯೆಗಳೆಲ್ಲ ಮುಗಿದ ಮೇಲೆ ಪಂಚಾಯತ್‌ನಿಂದ ಮರಣ ಪ್ರಮಾಣಪತ್ರ ಪಡೆದು, ಪಿಂಚಣಿ ಬರುತ್ತಿದ್ದ ಬ್ಯಾಂಕಿನ ಶಾಖೆಗೆ ಹೋದೆವು. ಇಲ್ಲಿ ಒಂದು ಮಾತು: ಮರಣದ ವಿಷಯವನ್ನು ಲಿಖಿತವಾಗಿ ತಿಳಿಸಿ, ನಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಲೇಬೇಕು. ತಿಳಿಸುವುದು ತಡವಾದರೆ ಪಿಂಚಣಿ ಖಾತೆಗೆ ಬೀಳುತ್ತಲೇ ಇರುತ್ತದೆ, ಆಮೇಲೆ ಅದನ್ನು ಮರಳಿ ವಸೂಲು ಮಾಡುತ್ತಾರೆ, ಮತ್ತು ಆ ಲೆಕ್ಕ ಸರಿಹೋಗುವ ತನಕ ಮುಂದಿನ ಹಕ್ಕುದಾರರ ಅರ್ಜಿಯನ್ನು ಯಾರೂ ಮುಟ್ಟುವುದಿಲ್ಲ.

ಶಾಖೆಯಲ್ಲಿ ಕುಳಿತಿದ್ದ ಹುಡುಗನಿಗೆ ಇಂತಹ ಪಿಂಚಣಿಯೊಂದು ಇದೆಯೆಂಬುದೇ ಹೊಸ ಸುದ್ದಿ. ಅದು ಅವನ ತಪ್ಪಲ್ಲ. ಈಗ ಹೋರಾಟಗಾರರು ಉಳಿದಿರುವುದೇ ಬೆರಳೆಣಿಕೆಯಷ್ಟು, ಅವನ ಸೇವಾವಧಿಯಲ್ಲಿ ಇದು ಮೊದಲ ಪ್ರಕರಣವಾಗಿದ್ದರೆ ಅಚ್ಚರಿಯಿಲ್ಲ. ಆದರೆ ಅಜ್ಜಿಯ ಖಾತೆಯಿದ್ದ ಹಳೆಯ ಬ್ಯಾಂಕು ಇನ್ನೊಂದು ಬ್ಯಾಂಕಿನಲ್ಲಿ ವಿಲೀನವಾಗಿದ್ದುದರಿಂದ ಪಿಂಚಣಿ ಪಾವತಿ ಆದೇಶದ ಬ್ಯಾಂಕಿನ ಪ್ರತಿ ಎಲ್ಲಿದೆಯೆಂದು ಶಾಖೆಗೆ ತಿಳಿದಿರಲಿಲ್ಲ. ಪಿಂಚಣಿ ವಿಭಾಗ ಬೇರೆ ಊರಿನಲ್ಲಿ, ಅಲ್ಲಿಂದ ಉತ್ತರ ಬರುವುದು ಇಮೇಲಿನಲ್ಲಿ, ಆ ಇಮೇಲು ನೋಡುವವರು ರಜೆಯಲ್ಲಿ. ಅಜ್ಜ ಗೋಡೆಗೆ ತೂಗುಹಾಕಿದ್ದ ತಾಮ್ರಪತ್ರವನ್ನು ದೊಡ್ಡತ್ತೆ ಸೀರೆಯ ತುಂಡಿನಲ್ಲಿ ಸುತ್ತಿ ತಂದಿದ್ದರು. 1972ರಲ್ಲಿ ಸರಕಾರವೇ ಕೊಟ್ಟ ಆ ಫಲಕವನ್ನು ಅಧಿಕಾರಿಯೊಬ್ಬರು ಗೌರವದಿಂದಲೇ ಕೈಯಲ್ಲಿ ಹಿಡಿದು ನೋಡಿ, ‘ಅಮ್ಮ, ಇದು ದಾಖಲೆಯಾಗುವುದಿಲ್ಲ’ ಎಂದು ಹಿಂದಿರುಗಿಸಿದರು. ಅವರು ಹೇಳಿದ್ದು ನಿಜ. ತಾಮ್ರಪತ್ರ ಗೌರವದ ಗುರುತು. ಬ್ಯಾಂಕಿಗೆ ಬೇಕಾದದ್ದು ಮಂಜೂರಾತಿ ಆದೇಶದ ಸಂಖ್ಯೆ. ಮನೆಯಲ್ಲಿ ಹೋರಾಟಗಾರರ ಕಡತವಿದ್ದವರು ಮೊದಲು ಹುಡುಕಬೇಕಾದದ್ದು ಗೃಹ ಮಂತ್ರಾಲಯದ ಮೂಲ ಮಂಜೂರಾತಿ ಪತ್ರ, ಪಿಂಚಣಿ ಪಾವತಿ ಆದೇಶದ ಮನೆಯ ಪ್ರತಿ, ಮತ್ತು ಮೂಲ ಅರ್ಜಿಯಲ್ಲಿ ಕುಟುಂಬದ ಸದಸ್ಯರ ಹೆಸರು ಬರೆದಿರುವ ಪುಟ. ನಮ್ಮಲ್ಲಿ ಮೊದಲನೆಯದು ಸಿಕ್ಕಿತು, ಎರಡನೆಯದು ಗೆದ್ದಲು ಹಿಡಿದ ಸ್ಥಿತಿಯಲ್ಲಿ ಸಿಕ್ಕಿತು, ಮೂರನೆಯದು ಸಿಗಲಿಲ್ಲ. ಮುಂದಿನ ಪಾಡೆಲ್ಲ ಆ ಮೂರನೆಯ ಪುಟದ್ದು.

ಅಜ್ಜ 1942ರ ಚಳವಳಿಯಲ್ಲಿ ಮಂಗಳೂರಿನಲ್ಲಿ ಬಂಧಿತರಾಗಿ, ಮೊದಲು ಕಣ್ಣೂರಿನ ಸೆಂಟ್ರಲ್ ಜೈಲಿನಲ್ಲಿಯೂ ಬಳಿಕ ಬಳ್ಳಾರಿಯ ಅಲ್ಲೀಪುರ ಜೈಲಿನಲ್ಲಿಯೂ ಇದ್ದವರು. ಆ ಕಾಲಕ್ಕೆ ಇವೆಲ್ಲವೂ ಒಂದೇ ಮದ್ರಾಸ್ ಪ್ರಾಂತ್ಯ. ನಮ್ಮ ಊರು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು. 1953ರ ಅಕ್ಟೋಬರ್‌ನಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು, 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ಪ್ರಾಂತ್ಯದ ಕಡತಗಳು ಮದ್ರಾಸಿನಲ್ಲಿಯೇ ಉಳಿದವು. ಹೀಗೆ ಒಬ್ಬ ಮನುಷ್ಯನ ಒಂದೇ ಶಿಕ್ಷೆಯ ಕಾಗದಪತ್ರ ಮೂರು ರಾಜ್ಯಗಳಲ್ಲಿ ಹಂಚಿಹೋಯಿತು. ಅಜ್ಜ ಅರ್ಜಿ ಹಾಕಿದಾಗ ಕಣ್ಣೂರು ಜೈಲಿನ ದಾಖಲೆ ಸಿಕ್ಕಿತ್ತು, ಅಲ್ಲೀಪುರದ್ದು ಸಿಕ್ಕಿರಲಿಲ್ಲ. ದಾಖಲೆ ಸಿಗದ ಅವಧಿಗೆ ಸಹಕೈದಿಗಳ ಪ್ರಮಾಣಪತ್ರವನ್ನು ಒಪ್ಪುವ ಪದ್ಧತಿ ಯೋಜನೆಯಲ್ಲಿದೆ. ಒಂದು ವರ್ಷವಾದರೂ ಜೈಲಿನಲ್ಲಿದ್ದುದು ಸಾಬೀತಾದ ಇಬ್ಬರು ಸಹಕೈದಿಗಳು ಬರೆದುಕೊಡಬೇಕು, ಅವರು ಶಾಸಕರೋ ಸಂಸದರೋ ಆಗಿದ್ದರೆ ಒಬ್ಬರೇ ಸಾಕು. ಅಜ್ಜನಿಗೆ ಅಂತಹ ಇಬ್ಬರು ಬದುಕಿದ್ದರು. ಅವರ ಕೈಬರಹದ ಪ್ರತಿಗಳು ಮಂಜೂರಾತಿ ಪತ್ರದ ಜತೆಯಲ್ಲಿಯೇ ಇದ್ದುದರಿಂದ ಅಜ್ಜನ ಸೆರೆವಾಸದ ಬಗ್ಗೆ ಈ ಸಲ ಯಾವ ಕಚೇರಿಯೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪ್ರಶ್ನೆಗಳೆಲ್ಲ ದೊಡ್ಡತ್ತೆಯ ಬಗ್ಗೆ ಇದ್ದವು.

ಅವರು ಅಜ್ಜನ ಮಗಳೆಂಬುದಕ್ಕೆ, ಅವರಿಗೆ ಮದುವೆಯಾಗಿಲ್ಲವೆಂಬುದಕ್ಕೆ, ಅವರಿಗೆ ಉದ್ಯೋಗವೂ ಆದಾಯವೂ ಇಲ್ಲವೆಂಬುದಕ್ಕೆ ಬೇರೆಬೇರೆ ಪ್ರಮಾಣಪತ್ರಗಳು ಬೇಕು. ಬ್ಯಾಂಕು ಮೊದಲಿಗೆ ವಾರಸು ಪ್ರಮಾಣಪತ್ರ ತರಲು ಹೇಳಿತು. ಕೇರಳದಲ್ಲಿ ಅದನ್ನು ತಹಶೀಲ್ದಾರರು ಕೊಡುವ ಮೊದಲು ಗಜೆಟ್‌ನಲ್ಲಿ ಪ್ರಕಟಿಸಿ, ಆಕ್ಷೇಪಕ್ಕೆ 30 ದಿನಗಳ ಅವಕಾಶ ಕೊಡಬೇಕು. ಎಲ್ಲ ಮಕ್ಕಳ ವಿವರ, ತೀರಿಕೊಂಡವರ ಮರಣಪತ್ರ, ನೆರೆಯವರ ಹೇಳಿಕೆ ಎಂದು ಅದೇ ಒಂದು ಪ್ರತ್ಯೇಕ ಯಾತ್ರೆ. ತಿಂಗಳುಗಟ್ಟಲೆ ಅದರ ಹಿಂದೆ ತಿರುಗಿದ ಮೇಲೆ, ಆಸ್ತಿಯ ಹಂಚಿಕೆಯಲ್ಲದ ಈ ಕೆಲಸಕ್ಕೆ ಕುಟುಂಬ ಸದಸ್ಯತ್ವದ ಪ್ರಮಾಣಪತ್ರವೇ ಸಾಕಿತ್ತು ಎಂದು ಅದೇ ಬ್ಯಾಂಕಿನ ಪಿಂಚಣಿ ವಿಭಾಗ ತಿಳಿಸಿತು. ಆದ್ದರಿಂದ ಯಾರೇ ಆಗಲಿ, ಯಾವ ದಾಖಲೆ ಬೇಕೆಂಬುದನ್ನು ಕೌಂಟರಿನ ಬಾಯಿಮಾತಿನಲ್ಲಿ ನಂಬದೆ ಬರೆಹದಲ್ಲಿ ಕೇಳಿ ಪಡೆಯುವುದು ಕ್ಷೇಮ.

ಅವಿವಾಹಿತೆಯೆಂಬ ಪ್ರಮಾಣಪತ್ರದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕೇರಳ ಸರಕಾರ ಐವತ್ತು ದಾಟಿದ ಅವಿವಾಹಿತ ಮಹಿಳೆಯರಿಗೆ ಕ್ಷೇಮ ಪಿಂಚಣಿ ಕೊಡುತ್ತದೆ. ದೊಡ್ಡತ್ತೆ ಹಲವು ವರ್ಷಗಳಿಂದ ಅದನ್ನು ಪಡೆಯುತ್ತಿದ್ದರು. ನಾವು ಅರ್ಜಿ ಹಾಕುವಾಗ ಅದು ತಿಂಗಳಿಗೆ 1,600 ರೂಪಾಯಿ. ಅರುವತ್ತು ತುಂಬುವ ತನಕ ಅವರು ಮದುವೆಯಾಗಿಲ್ಲವೆಂದು ವರ್ಷವರ್ಷವೂ ಪಂಚಾಯತ್‌ಗೆ ಪತ್ರ ಕೊಟ್ಟಿದ್ದರು, ಸರಕಾರಿ ಅರ್ಜಿಗಳ ಸೇವಾಕೇಂದ್ರವಾದ ಅಕ್ಷಯ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಬದುಕಿರುವುದನ್ನೂ ದೃಢಪಡಿಸುತ್ತಿದ್ದರು. ಇಷ್ಟು ಕಾಲ ಒಂದು ಸರಕಾರ ಯಾವ ಸಂಗತಿಯನ್ನು ನಂಬಿ ಹಣ ಕೊಟ್ಟಿತೋ ಅದೇ ಸಂಗತಿಯನ್ನು ಇನ್ನೊಂದು ಸರಕಾರಕ್ಕೆ ಹೊಸದಾಗಿ ರುಜುವಾತುಪಡಿಸಬೇಕಾಗಿತ್ತು. ಪಂಚಾಯತ್‌ನ ದಾಖಲೆ ತೋರಿಸಿದಾಗ, ಅದು ಕ್ಷೇಮ ಪಿಂಚಣಿಗೆ ಮಾತ್ರ, ಇದಕ್ಕೆ ಕಂದಾಯ ಇಲಾಖೆಯ ವಿಚಾರಣೆಯೇ ಆಗಬೇಕು ಎಂದರು.

ವಿಚಾರಣೆಗೆ ಗ್ರಾಮ ಕಚೇರಿಗೆ ದೊಡ್ಡತ್ತೆಯೇ ಬರಬೇಕೆಂದಾಯಿತು. ಅವರಿಗೆ ಮಂಡಿನೋವು, ಆಟೋ ಮಾಡಿಕೊಂಡು ಹೋದೆವು. ಸರದಿಯಲ್ಲಿ ಜಾಗದ ತೆರಿಗೆ ಕಟ್ಟಲು ಬಂದವರು, ಆದಾಯ ಪ್ರಮಾಣಪತ್ರಕ್ಕೆ ಬಂದ ಮಕ್ಕಳು, ನಮ್ಮನ್ನು ಬಲ್ಲ ನಾಲ್ಕಾರು ಮಂದಿ. ಅವರೆಲ್ಲರ ಎದುರಿನಲ್ಲಿ ಕಚೇರಿಯವರು ಮದುವೆಯಾಗಿಲ್ಲವೇ ಎಂದು ಕೇಳಿ, ಇಲ್ಲವೆಂಬ ಉತ್ತರ ಬಂದ ಮೇಲೆ ಯಾಕೆ ಆಗಲಿಲ್ಲ ಎಂದೂ ಕೇಳಿದರು. ನಿಯಮಕ್ಕೆ ಬೇಕಾದದ್ದು ಮೊದಲ ಪ್ರಶ್ನೆ ಮಾತ್ರ. ಅಜ್ಜ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ವರ್ಷಗಳಲ್ಲಿ ಅವರನ್ನು ಎತ್ತಿ ಮಲಗಿಸಿದವರು, ಆಮೇಲೆ ಅಜ್ಜಿಗೆ ಕಣ್ಣು ಮಂಜಾದಾಗ ಕೈಹಿಡಿದು ನಡೆಸಿದವರು ದೊಡ್ಡತ್ತೆ. ಬಂದ ಸಂಬಂಧಗಳನ್ನು ಯಾವಾಗ, ಯಾಕೆ ಬೇಡವೆಂದರೋ ಮನೆಯಲ್ಲಿ ನಾವೇ ಎಂದೂ ಕೇಳಿದವರಲ್ಲ. ಅವರು ಆ ಪ್ರಶ್ನೆಗೆ ಉತ್ತರಿಸಲಿಲ್ಲ. ‘ಅದನ್ನೂ ಅರ್ಜಿಯಲ್ಲಿ ಬರೆಯಲಿಕ್ಕುಂಟೋ?’ ಎಂದು ನನ್ನನ್ನು ಕೇಳಿದರು. ಇಲ್ಲವೆಂದೆ. ಹಾಗಾದರೆ ಸರಿ ಎಂದು ಸುಮ್ಮನಾದರು. ಮನೆಗೆ ಬಂದ ಮೇಲೆ ಈ ಪಿಂಚಣಿಯೇ ಬೇಡ, ತನಗೆ ಪಂಚಾಯತ್‌ನ ಹಣವೇ ಸಾಕು ಎಂದು ಒಂದು ವಾರ ಹಟ ಹಿಡಿದರು. ಅವರನ್ನು ಒಪ್ಪಿಸಿದ್ದು ನನ್ನ ತಂದೆ. ‘ಅಕ್ಕ, ಇದು ನಿನಗೆ ಕೊಡುವ ದಾನ ಅಲ್ಲ, ಅಪ್ಪನದ್ದು’ ಎಂದು ಅವರು ಹೇಳಿದ ಮೇಲೆ ಸಹಿ ಬಿತ್ತು.

ಹಿರಿಯರನ್ನು ಕರೆದೊಯ್ಯುವವರು ಒಂದನ್ನು ಗಮನಿಸಬಹುದು. ನಡೆಯಲಾಗದವರಿದ್ದರೆ ಮನೆಗೇ ಬಂದು ವಿಚಾರಿಸುವಂತೆ ಅರ್ಜಿಯಲ್ಲಿಯೇ ಕೋರಬಹುದು. ನಮ್ಮ ವಾರ್ಡ್ ಮೆಂಬರ್ ಇದನ್ನು ತಿಳಿಸಿದ ಮೇಲೆ ಆದಾಯದ ವಿಚಾರಣೆ ನಮ್ಮ ಚಾವಡಿಯಲ್ಲಿಯೇ, ಹೆಚ್ಚು ಮರ್ಯಾದೆಯಿಂದ ನಡೆಯಿತು.

ಹೆಸರಿನ ತೊಡಕು ಗಡಿನಾಡಿನವರಿಗೆ ಹೊಸದಲ್ಲ. ಅಜ್ಜನ ಹೆಸರು ಜೈಲಿನ ದಾಖಲೆಯಲ್ಲಿ ಒಂದು ಬಗೆ, ಮಂಜೂರಾತಿಯಲ್ಲಿ ಇನ್ನೊಂದು ಬಗೆ; ದೊಡ್ಡತ್ತೆಯ ಕನ್ನಡ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಹಿಂದೆ ಮನೆಯ ಹೆಸರಿದ್ದರೆ ಆಧಾರ್‌ನಲ್ಲಿ ಅದು ಬರಿಯ ಒಂದು ಅಕ್ಷರ. ಇದಕ್ಕೆ ಗ್ರಾಮಾಧಿಕಾರಿಯಿಂದ ವನ್ ಆ್ಯಂಡ್ ಸೇಮ್ ಸರ್ಟಿಫಿಕೇಟ್, ಅಂದರೆ ಈ ಹೆಸರುಗಳೆಲ್ಲ ಒಬ್ಬರದೇ ಎಂಬ ಪತ್ರ, ಪಡೆಯಬೇಕು. ಅರ್ಜಿಯಲ್ಲಿ ದಾಖಲೆಗಳಲ್ಲಿರುವ ಎಲ್ಲ ರೂಪಗಳನ್ನೂ ಒಟ್ಟಿಗೆ ಬರೆದರೆ ಒಂದೇ ಪತ್ರದಲ್ಲಿ ಮುಗಿಯುತ್ತದೆ. ಕನ್ನಡದ ಶಾಲಾ ದಾಖಲೆ ದಿಲ್ಲಿಗೆ ಹೋಗುವಾಗ ಇಂಗ್ಲಿಷ್ ಅನುವಾದ ಬೇಕಾಯಿತು. ಕನ್ನಡ ಬಲ್ಲ ಗಜೆಟೆಡ್ ಅಧಿಕಾರಿಯೊಬ್ಬರು ಓದಿ ನೋಡಿ ದೃಢೀಕರಿಸಿಕೊಟ್ಟರು, ಒಂದು ಪೈಸೆಯನ್ನೂ ತೆಗೆದುಕೊಳ್ಳಲಿಲ್ಲ.

ಇನ್ನು ಆ ಮೂರನೆಯ ಪುಟ. ಮೂಲ ಅರ್ಜಿಯ ಕುಟುಂಬ ವಿವರದಲ್ಲಿ ದೊಡ್ಡತ್ತೆಯ ಹೆಸರಿದೆಯೇ ಎಂಬುದನ್ನು ತೋರಿಸಬೇಕಾಗಿತ್ತು. ಅಜ್ಜನಿಗೆ ಪಿಂಚಣಿ ಮಂಜೂರಾದಾಗ ನಾವು ಕಣ್ಣೂರು ಜಿಲ್ಲೆಯವರು. ಕಾಸರಗೋಡು ಜಿಲ್ಲೆ ಹುಟ್ಟಿದ್ದು 1984ರ ಮೇ 24ರಂದು. ಹಳೆಯ ಕಡತ ಹೊಸ ಜಿಲ್ಲೆಗೆ ಬಂದಿದೆಯೋ ಹಳೆಯ ಜಿಲ್ಲೆಯಲ್ಲಿಯೇ ಇದೆಯೋ ಎಂದು ಒಂದು ಕಚೇರಿ ಇನ್ನೊಂದನ್ನು ತೋರಿಸಿತು. ಬಾಯಿಮಾತಿನ ವಿಚಾರಣೆಯಿಂದ ಏನೂ ಆಗದೆ, ಎರಡೂ ಕಡೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ತಲಾ 10 ರೂಪಾಯಿಯ ಶುಲ್ಕ, 30 ದಿನಗಳೊಳಗೆ ಉತ್ತರ ಕೊಡಬೇಕೆಂಬ ಕಾನೂನು. ಇಷ್ಟು ಅಲೆದಾಟದಲ್ಲಿ ನಾನು ಖರ್ಚು ಮಾಡಿದ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಈ ಇಪ್ಪತ್ತು ರೂಪಾಯಿ. ಅರ್ಜಿಯಲ್ಲಿ ಹೋರಾಟಗಾರರ ಹೆಸರು, ಅಂದಿನ ತಾಲೂಕು, ಅಂದಿನ ಜಿಲ್ಲೆ, ಮಂಜೂರಾತಿ ಸಂಖ್ಯೆ ಇವನ್ನು ಬರೆಯಬೇಕು. ಇಂದಿನ ವಿಳಾಸ ಮಾತ್ರ ಬರೆದರೆ ‘ಲಭ್ಯವಿಲ್ಲ’ ಎಂಬ ಉತ್ತರಕ್ಕೆ ದಾರಿಯಾಗುತ್ತದೆ.

ಕಣ್ಣೂರಿಗೆ ಪ್ರತಿ ತರಲು ಹೋದಾಗ, ಅಲ್ಲಿಯ ಹಿರಿಯ ಗುಮಾಸ್ತರೊಬ್ಬರು ಕಾಸರಗೋಡಿನ ಹೆಸರು ಕೇಳಿದೊಡನೆ ‘ಕಯ್ಯೂರಿನವರೋ?’ ಎಂದರು. ಕಯ್ಯೂರಿನ ರೈತ ಹೋರಾಟದ ನಾಲ್ವರನ್ನು 1943ರ ಮಾರ್ಚ್ 29ರಂದು ಗಲ್ಲಿಗೇರಿಸಿದ್ದು ಕಣ್ಣೂರಿನ ಜೈಲಿನಲ್ಲಿಯೇ; ಆ ನೆನಪು ಅಲ್ಲಿ ಇನ್ನೂ ಹಸಿಯಾಗಿದೆ. ಅಲ್ಲ, ಸಾಮಾನ್ಯ ಸತ್ಯಾಗ್ರಹಿ ಎಂದೆ. ನಮ್ಮ ಜಿಲ್ಲೆಯಲ್ಲಿ ಕಯ್ಯೂರಿನ ಹುತಾತ್ಮರಿಗೆ ಸ್ಮಾರಕವಿದೆ, ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಸ್ಮಾರಕವಾಗಿದೆ, ಕವಿಯೂ ಹೋರಾಟಗಾರರೂ ಆಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳನ್ನು ಶಾಲೆಯ ಮಕ್ಕಳೂ ಬಲ್ಲರು. ಭಾಷಣವನ್ನೂ ಮಾಡದೆ, ಕವಿತೆಯನ್ನೂ ಬರೆಯದೆ, ಕರಪತ್ರ ಹಂಚಿ ಒಳಗೆ ಹೋಗಿ ಹೊರಬಂದು ಮತ್ತೆ ಗದ್ದೆಗಿಳಿದವರಿಗೆ ಇರುವ ಸ್ಮಾರಕವೆಂದರೆ ಈ ಪಿಂಚಣಿ ಕಡತವೊಂದೇ ಎಂದು ನನಗೆ ಅನಿಸಿದ್ದು ಆ ಕಚೇರಿಯ ಬೆಂಚಿನಲ್ಲಿ ಕುಳಿತಾಗ. ಅಂತಹ ಕಡತಗಳನ್ನು ಹಳೆಯ ತೆರಿಗೆ ಪುಸ್ತಕಗಳ ಜತೆಗೆ ಕಟ್ಟಿ ಇಡುವ ಬದಲು ಜಿಲ್ಲೆಗೊಂದು ಕಡೆ ತೆಗೆದಿಟ್ಟು ಪ್ರತಿಮಾಡಿಸಿದರೆ, ಆಗಸ್ಟ್‌ನಲ್ಲಿ ಹೊದಿಸುವ ಶಾಲುಗಳಿಗಿಂತ ಅದು ಹೆಚ್ಚಿನ ಗೌರವವಾದೀತು. ಪುಟ ಸಿಕ್ಕಿತು. ಅಜ್ಜನ ದುಂಡಗಿನ ಅಕ್ಷರದಲ್ಲಿ ಹೆಂಡತಿ, ಮಕ್ಕಳು ಎಲ್ಲರ ಹೆಸರೂ ವಯಸ್ಸೂ ಇದ್ದವು.

ಎಲ್ಲವನ್ನೂ ಜೋಡಿಸಿ ಬ್ಯಾಂಕಿಗೆ ಕೊಟ್ಟ ಮೇಲೆ ಕಾಯುವಿಕೆ. ಪತ್ನಿಯ ಹೆಸರಿಗೆ ಪಿಂಚಣಿ ಬದಲಾಗುವುದು ಸುಲಭ. ಮಗಳ ಪ್ರಕರಣ ಗೃಹ ಮಂತ್ರಾಲಯಕ್ಕೆ ಹೋಗಿ, ಮಂಜೂರಾಗಿ, ಅದರ ಲೆಕ್ಕ ವಿಭಾಗದಿಂದ ಹೊಸ ಪಾವತಿ ಆದೇಶ ಬ್ಯಾಂಕಿಗೆ ಬರಬೇಕು. ನಮ್ಮ ಕಾಗದಗಳು ದಿಲ್ಲಿಗೆ ಹೋಗಿವೆಯೆಂದು ಶಾಖೆಯವರು ಪ್ರತಿ ಸಲವೂ ಹೇಳುತ್ತಿದ್ದರು. ಕೇಂದ್ರದ ದೂರು ಪೋರ್ಟಲಿನಲ್ಲಿ ವಿಚಾರಿಸಿದಾಗಲಷ್ಟೇ ಅವು ಶಾಖೆಯ ಕಪಾಟಿನಿಂದಲೇ ಹೊರಟಿಲ್ಲವೆಂದು ತಿಳಿಯಿತು. ಆಮೇಲೆ ಮಾತ್ರ ಕೆಲಸ ನಿಜವಾಗಿ ವೇಗ ಪಡೆಯಿತು. ಕಳುಹಿಸಿದ ಪತ್ರದ ಸಂಖ್ಯೆ ಮತ್ತು ದಿನಾಂಕವನ್ನು ಬರೆದುಕೊಡದ ಹೊರತು ‘ಕಳುಹಿಸಿದ್ದೇವೆ’ ಎಂಬ ಮಾತನ್ನು ಒಪ್ಪಿಕೊಂಡು ಮನೆಗೆ ಮರಳಬಾರದು.

ಈ ನಡುವೆ ಆಗಸ್ಟ್ ಬಂತು, ಸ್ವಾತಂತ್ರ್ಯ ದಿನದ ಸಮಾರಂಭಕ್ಕೆ ಆಹ್ವಾನವೂ ಬಂತು, ಅಜ್ಜಿಯ ಹೆಸರಿನಲ್ಲಿ. ಮರಣಪತ್ರ ಕೊಟ್ಟ ತಿಂಗಳಿನಲ್ಲಿಯೇ ಒಂದು ಪಟ್ಟಿಯಿಂದ ಹೆಸರು ಅಳಿಸಿ ಪಿಂಚಣಿ ನಿಲ್ಲಿಸಿದ್ದರು. ಇನ್ನೊಂದು ಪಟ್ಟಿಯಲ್ಲಿ ಅವರು ಮುಂದಿನ ಸಾಲಿನ ಕುರ್ಚಿಯ ಗಣ್ಯ ಅತಿಥಿ. ದೊಡ್ಡತ್ತೆ ನಕ್ಕರು. ನನಗೆ ನಗು ಬರಲಿಲ್ಲ.

ನನ್ನ ಸಣ್ಣತ್ತೆಯ ವಿಷಯವನ್ನೂ ಬರೆಯದಿದ್ದರೆ ಈ ಕಥೆ ಅಪೂರ್ಣ. ಅವರು ಮದುವೆಯಾದ ಕೆಲವೇ ವರ್ಷಗಳಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅಕ್ಕತಂಗಿಯರು ಒಂದೇ ಅಡುಗೆಮನೆಯಲ್ಲಿ, ಒಂದೇ ರೇಶನ್ ಕಾರ್ಡಿನಲ್ಲಿ ಬದುಕಿದ್ದಾರೆ. ಅಜ್ಜಿಯ ಆರೈಕೆಯಲ್ಲಿ ಇಬ್ಬರದೂ ಸಮಪಾಲು. ಆದರೆ ಯೋಜನೆಯ ಲೆಕ್ಕದಲ್ಲಿ ಮದುವೆಯಾದ ಮಗಳು ವಿಧವೆಯಾದರೂ ಹೋರಾಟಗಾರನ ಅವಲಂಬಿತಳಲ್ಲ. ವಿಚ್ಛೇದಿತ ಮಗಳನ್ನು ಹೊರಗಿಡಬಾರದೆಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2016ರಲ್ಲಿ ಒಂದು ಪ್ರಕರಣದಲ್ಲಿ ತೀರ್ಪು ನೀಡಿದೆ. ನಮಗೆ ಕೊಟ್ಟ ನಮೂನೆಯಲ್ಲಿ ಮಾತ್ರ ‘ಅವಿವಾಹಿತ’ ಎಂಬ ಕಲಮು ಹಾಗೆಯೇ ಇತ್ತು. ನ್ಯಾಯಾಲಯಕ್ಕೆ ಹೋಗುವ ಶಕ್ತಿಯೂ ಮನಸ್ಸೂ ಸಣ್ಣತ್ತೆಗೆ ಇಲ್ಲ. ಅಂತಹ ಸ್ಥಿತಿಯಲ್ಲಿರುವ ಇತರರು ವಕೀಲರನ್ನು ಕೇಳದೆ ಕೈಚೆಲ್ಲಬಾರದು. ಸರಕಾರ ಗೌರವಿಸುವುದು ಒಬ್ಬ ಮನುಷ್ಯನ ತ್ಯಾಗವನ್ನಾದರೆ, ಅವನ ಮನೆಯಲ್ಲಿ ಯಾರು ಯಾರನ್ನು ಸಾಕಿದರು ಎಂಬುದನ್ನು ನೋಡಬೇಕಲ್ಲದೆ ಮದುವೆಯ ದಾಖಲೆಯನ್ನಲ್ಲ ಎಂಬುದು ನನ್ನ ಅಭಿಪ್ರಾಯ.

ಆದೇಶ ಬಂದದ್ದು ಬ್ಯಾಂಕಿನ ಒಂದು ಫೋನ್ ಕರೆಯಾಗಿ. ಆಧಾರ್ ಜೋಡಿಸಿದ ಖಾತೆ, ಫೋಟೋ, ಸಹಿಯ ಮಾದರಿ, ಹೆಚ್ಚು ಪಾವತಿಯಾದರೆ ಮರಳಿಸುವ ಮುಚ್ಚಳಿಕೆ ಎಂದು ಕೊನೆಯ ಸುತ್ತಿನ ಕಾಗದಗಳಾದವು. ಬಾಕಿಯೂ ಸೇರಿ ಹಣ ಬಂದ ದಿನವೇ ಪಂಚಾಯತ್‌ಗೆ ಹೋಗಿ ಕ್ಷೇಮ ಪಿಂಚಣಿ ನಿಲ್ಲಿಸುವಂತೆ ಬರೆದುಕೊಟ್ಟು ರಸೀದಿ ಪಡೆದೆವು. ಎರಡನ್ನೂ ಪಡೆಯುವಂತಿಲ್ಲ, ತಿಳಿಸದಿದ್ದರೆ ವಸೂಲಾತಿ ನೋಟೀಸು ಬರುವುದು ಖಂಡಿತ. ಖರ್ಚಿನ ಲೆಕ್ಕ ಹೇಳುವುದಾದರೆ, ನೋಟರಿ, ಛಾಪಾ ಕಾಗದ, ಅಕ್ಷಯ ಕೇಂದ್ರದ ಶುಲ್ಕ, ಅಂಚೆ, ನಕಲು ಪ್ರತಿಗಳು, ಬಸ್ಸು ಮತ್ತು ಆಟೋ ಸೇರಿ ನಾಲ್ಕೈದು ಸಾವಿರ ರೂಪಾಯಿ ಆಗಿರಬಹುದು. ಅದರಲ್ಲಿ ಆಟೋದ್ದೇ ದೊಡ್ಡ ಪಾಲು. ಲಂಚವೆಂದು ಯಾರೂ ಕೇಳಲಿಲ್ಲ. ಏಜೆಂಟರೊಬ್ಬರು ಬಾಕಿ ಹಣದಲ್ಲಿ ಪಾಲು ಕೇಳಿ ಮನೆಗೆ ಬಂದಿದ್ದರು. ಅವರು ಮಾಡಿಕೊಡುತ್ತೇನೆಂದ ಕೆಲಸದಲ್ಲಿ ನಾವು ಮಾಡಲಾಗದ್ದು ಒಂದೂ ಇರಲಿಲ್ಲ.

ಇನ್ನು ಮುಂದೆ ಪ್ರತಿ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರದ ಜತೆಗೆ, ತಾನು ಮದುವೆಯಾಗಿಲ್ಲ, ಉದ್ಯೋಗದಲ್ಲಿಲ್ಲ ಎಂಬ ಘೋಷಣೆಯನ್ನೂ ದೊಡ್ಡತ್ತೆ ಕೊಡಬೇಕು. ಅದರ ನಮೂನೆಯನ್ನು ಶಾಖೆಯಿಂದಲೇ ಕೇಳಿ ಪಡೆದು, ಹತ್ತು ಪ್ರತಿ ಮಾಡಿಸಿ ಕಡತದಲ್ಲಿ ಇಟ್ಟಿದ್ದೇನೆ. ಹತ್ತು ಯಾಕೆಂದು ದೊಡ್ಡತ್ತೆ ಕೇಳಿದರು. ಲೆಕ್ಕ ಹಾಕಿ ನೋಡಿ, ಹದಿನೈದು ಮಾಡಿಸಬಹುದಿತ್ತು ಎಂದರು.